ಚಹಾ ಮತ್ತು ಟೀ

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿರುವ ಮಾಚೇನಹಳ್ಳಿಯಲ್ಲಿ ಜನರು ‘ಟೀ’ ಕುಡಿಯುತ್ತಾರೆ, ಧಾರವಾಡದಲ್ಲಿ ‘ಚಹಾ’. ಎರಡೂ ಮೂಲತಃ ಚೀನೀ ಶಬ್ದಗಳೇ. ಒಂದೇ ಲಿಪಿಚಿಹ್ನೆಯನ್ನು ಮ್ಯಾಂಡರಿನ್ ಭಾಷೆಯವರು ‘ಛಾ’ ಎಂದೂ ಫೂಜಿಯನ್ ಕರಾವಳಿಯವರು ‘ತೆ’ ಎಂದೂ ಓದುತ್ತಾರೆ. ‘ಛಾ’ ಮರಾಠಿಯ ಮೂಲಕ ನಮ್ಮಲ್ಲಿ ಚಹಾ ಆಯಿತು; ‘ತೆ’ ಡಚ್ಚರ ಹಡಗನ್ನೇರಿ ಯುರೋಪಿಗೆ ಹೋಗಿ, ಇಂಗ್ಲಿಷಿನೊಡನೆ ಇಲ್ಲಿಗೆ ಬಂದಿತು.

ಹೀಗೆ ಮ್ಯಾಂಡರಿನ್ ಕಲಿಯಹೊರಟ ಕನ್ನಡಿಗನ ನಾಲಗೆಯ ಮೇಲೆ ಮೊದಲ ಪದವು ಆಗಲೇ ಇದೆ. ತೊಡಕಿರುವುದು ದನಿಯ ಏರಿಳಿತದಲ್ಲಿ. ‘ಮಾ’ ಎಂಬುದನ್ನು ಎತ್ತರದ ದನಿಯಲ್ಲಿ ಸಮನಾಗಿ ನುಡಿದರೆ ತಾಯಿ. ದನಿಯನ್ನು ಇಳಿಸಿ ಏರಿಸಿದರೆ ಕುದುರೆ! ಅದಕ್ಕಾಗಿ ನೀವು ಅಂಜಬೇಕಿಲ್ಲ. ಹಿರಿಯ ಚೀನೀಯರು ನೆರೆಯವರನ್ನು ಕಂಡಾಗ ‘ಛಿ ಲ ಮ?’ ಎನ್ನುವುದುಂಟು. ಅದು ನಮ್ಮ ಅಜ್ಜಿಯರ ‘ಊಟವಾಯಿತೇ?’ ಎಂಬ ಕುಶಲಪ್ರಶ್ನೆಯೇ. ಅಲ್ಲಿಯ ಕೊನೆಯ ‘ಮ’ ತಾಯಿಯೂ ಅಲ್ಲ, ಕುದುರೆಯೂ ಅಲ್ಲ. ‘ಆಯಿತೇ’ ಎಂಬಲ್ಲಿನ ಏಕಾರದಂತೆ ಕೇವಲ ಪ್ರಶ್ನಾರ್ಥಕ.