ಘಟ್ಟದಲ್ಲಿ ದಾರಿ ತಪ್ಪಿದರೆ ಹಳ್ಳ ಹಿಡಿಯಬೇಡಿ

ಮಳೆ ಬಿಟ್ಟು ಆಕಾಶ ತಿಳಿಯಾದೊಡನೆ ಉಡುಪಿ, ಮಣಿಪಾಲ, ಕಾಪುವಿನ ಹುಡುಗರು ಬೆನ್ನಿಗೆ ಚೀಲ ಏರಿಸಿ ಕಾರ್ಕಳ, ಹೆಬ್ರಿ ಕಡೆಯ ಘಟ್ಟಗಳಿಗೆ ಹೊರಡುತ್ತಾರೆ. ಚಾರಣ ಹೃದಯಕ್ಕೂ ಮನಸ್ಸಿಗೂ ಒಳ್ಳೆಯದೇ. ಆದರೆ ಹೊರಡುವಾಗ ಕೆಲವರು ಹೇಳುವ ಮಾತೊಂದಿದೆ: “ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿ, ಊರು ಸಿಗುತ್ತದೆ.” ನಮ್ಮ ಘಟ್ಟಗಳಿಗೆ ಈ ಮಾತು ಸಲ್ಲದು.

ಕುದುರೆಮುಖ ಶಿಖರದ ಎತ್ತರ ಸುಮಾರು 1,890 ಮೀಟರ್. ಈ ಸಾಲಿನ ಪಶ್ಚಿಮದ ಮಗ್ಗುಲು ಬಹಳ ಕಡಿದು. ಹೀಗಾಗಿ ಹಳ್ಳಗಳು ಬಂಡೆಯಿಂದ ಬಂಡೆಗೆ ಧುಮುಕುತ್ತಲೇ ಇಳಿಯುತ್ತವೆ. ಹೆಬ್ರಿ ಬಳಿಯ ಕೂಡ್ಲು ತೀರ್ಥದಲ್ಲಿ ಸೀತಾ ನದಿ ಧುಮುಕುವುದನ್ನು ನೀವೇ ನೋಡಿರಬಹುದು. ಹಳ್ಳ ಹಿಡಿದವನು ಕೊನೆಗೆ ಇಂಥದ್ದೇ ಅಬ್ಬಿಯ ನೆತ್ತಿಯಲ್ಲಿ ನಿಲ್ಲುತ್ತಾನೆ. ಕೆಳಗೆ ಇಳಿಯಲಾಗದು, ಹಿಂದಕ್ಕೆ ಹತ್ತಲು ಕಾಲಲ್ಲಿ ಕಸುವಿರದು. ಮೇಲೆಲ್ಲೋ ಮಳೆ ಬಿದ್ದರೆ ನೀರು ನೋಡನೋಡುತ್ತಲೇ ಏರುತ್ತದೆ.

ಹತ್ತುವುದು ಉಸಿರಿನ ಪರೀಕ್ಷೆ, ಇಳಿಯುವುದು ಮೊಣಕಾಲಿನ ಪರೀಕ್ಷೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ತಡೆಹಿಡಿಯಬೇಕು. ಅವು ದಣಿದರೆ ಮೊಣಕಾಲು ನಡುಗುತ್ತದೆ, ಪಾದ ಹೊರಳುತ್ತದೆ. ಪಾಚಿ ಹಿಡಿದ ಬಂಡೆಯ ಮೇಲೆ ಅಷ್ಟು ಸಾಕು, ಮೂಳೆ ಮುರಿಯುತ್ತದೆ.

ದಾರಿ ತಪ್ಪಿತೆಂದು ಅನುಮಾನ ಬಂದಾಗ:

* ಮೊದಲು ಕುಳಿತುಕೊಳ್ಳಿ. ನೀರು ಕುಡಿದು, ಬೆಲ್ಲವೋ ಬಾಳೆಹಣ್ಣೋ ತಿನ್ನಿ. ಗಾಬರಿ ಇಳಿಯುತ್ತದೆ.
* ಬಂದ ದಾರಿ ಖಚಿತವಾಗಿ ನೆನಪಿದ್ದರೆ ಮಾತ್ರ ಹಿಂದಿರುಗಿ. ಇಲ್ಲವಾದರೆ ಇದ್ದಲ್ಲೇ ಇರಿ. ಗುಂಪು ಒಡೆಯಬೇಡಿ.
* ಮೂರು ಸಲ ಸೀಟಿ ಊದಿ, ತುಸು ಬಿಟ್ಟು ಮತ್ತೆ ಮೂರು ಸಲ ಊದಿ. ಸಿಗ್ನಲ್ ಸಿಕ್ಕರೆ 112ಕ್ಕೆ ಕರೆ ಮಾಡಿ.
* ಕತ್ತಲಾದ ಮೇಲೆ ನಡೆಯಬೇಡಿ. ಒದ್ದೆ ಬಟ್ಟೆ ಬದಲಿಸಿ, ಮೈ ಬೆಚ್ಚಗಿಟ್ಟುಕೊಳ್ಳಿ.

ಮನೆ ಸೇರಿದ ಮೇಲೂ ಎಚ್ಚರ ಬೇಕು. ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ಸ್ವಲ್ಪ ಹೊತ್ತು ಒಸರಿದರೂ ಭಯವಿಲ್ಲ. ಸೋಪಿನಲ್ಲಿ ತೊಳೆದು ಒತ್ತಿ ಹಿಡಿದರಾಯಿತು. ಉಣ್ಣಿ ಹಾಗಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದಲೇ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಟ ಹೆಚ್ಚು. ಬಿಸಿನೀರಿನಲ್ಲಿ ಮಿಂದು, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗ ನೋಡಿಕೊಳ್ಳಿ. ಕಾಲಿನಲ್ಲಿ ಗಾಯವಿದ್ದು ಕೆಸರು ನೀರಿನಲ್ಲಿ ನಡೆದಿದ್ದರೆ ಇಲಿ ಜ್ವರವೂ ಬರಬಹುದು. ಮೂರು ನಾಲ್ಕು ವಾರಗಳೊಳಗೆ ಜ್ವರ, ಮೈಕೈ ನೋವು ಬಂದರೆ ನೀವೇ ನೋವಿನ ಮಾತ್ರೆ ನುಂಗಬೇಡಿ. ವೈದ್ಯರ ಬಳಿ ಹೋಗಿ, “ಘಟ್ಟಕ್ಕೆ ಹೋಗಿದ್ದೆ” ಎಂದು ಮೊದಲೇ ಹೇಳಿ. ಆ ಒಂದು ಮಾತಿನಿಂದ ರೋಗ ಬೇಗ ಗೊತ್ತಾಗಬಹುದು.

ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಹೊರಡುವ ಮುನ್ನ ಯಾವ ದಾರಿ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸ್ ಎಂದು ಚೀಟಿ ಬರೆದು ಮನೆಯಲ್ಲಿಡಿ. ಅಮ್ಮ ಇದನ್ನೆಲ್ಲ ಕೇಳಿದರೆ ರೇಗಬೇಡಿ. ನೀವು ಬಾರದೇ ಹೋದ ರಾತ್ರಿ ಹುಡುಕಾಟ ಶುರುವಾಗುವುದು ಆ ಚೀಟಿಯಿಂದಲೇ.