ಅಳಿಸೋ, ಉಳಿಸೋ?

ದೇವದುರ್ಗದ ಗೆಳೆಯರೊಬ್ಬರು ಹೊಸ ಬ್ಲೂಟೂತ್ ಸ್ಪೀಕರ್ ತಂದ ವಾರದಲ್ಲೇ ಫೋನ್ ಮಾಡಿದರು. ಅವರಿಗೆ ಕಣ್ಣು ಕಾಣುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಸ್ಕ್ರೀನ್ ರೀಡರ್ ಹಾಕಿಕೊಂಡು ಕೆಲಸ ಮಾಡುತ್ತಾರೆ. "ಸರ, ಹಾಡು ಹಚ್ಚಿದ್ರ ಭಾಳ ಛಲೋ ಕೇಳಸ್ತದ. ಆದ್ರ ಕಂಪ್ಯೂಟರ್ ಮಾತಾಡಿದ್ರ ತಲಿನೇ ಇಲ್ಲದ ಮಾತು ಬರ್ತಾವ. 'ಳಿಸು' ಅಂತದ. ಅಳಿಸೋದೋ ಉಳಿಸೋದೋ ತಿಳಿವಲ್ದು."

ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು. ಕನ್ನಡ ಮೆನುವಿನಲ್ಲಿ ಸೇವ್ ಎನ್ನುವುದಕ್ಕೆ 'ಉಳಿಸು', ಡಿಲೀಟ್ ಎನ್ನುವುದಕ್ಕೆ 'ಅಳಿಸು'. ಎರಡನ್ನೂ ಬೇರೆ ಮಾಡುವುದು ಮೊದಲ ಅಕ್ಷರವೊಂದೇ, ಸ್ಪೀಕರ್ ನುಂಗಿದ್ದೂ ಅದನ್ನೇ. ಇನ್ನು ಲೆಕ್ಕಕ್ಕೆ ಬಂದರೆ ಇನ್ನೂರು, ಮುನ್ನೂರು, ನಾನೂರು, ಐನೂರು, ಯಾವುದರ ತಲೆ ಕತ್ತರಿಸಿದರೂ ಉಳಿಯುವುದು ಬರೀ ನೂರು. ಮಾನ್ವಿಯ ಅಡತಿ ಅಂಗಡಿಯಲ್ಲಿ ಭತ್ತದ ಚೀಲಗಳ ಲೆಕ್ಕವನ್ನು ಹೀಗೆ ಓದಿಸಿಕೊಂಡರೆ ಸಂಜೆಗೆ ಜಗಳ ಖಾತ್ರಿ.

ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ತಂತ್ರಾಂಶ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ಎನ್‌ವಿಡಿಎಯನ್ನು 2006ರಲ್ಲಿ ಶುರು ಮಾಡಿದವರು ಆಸ್ಟ್ರೇಲಿಯಾದ ಮೈಕೆಲ್ ಕರ್ರನ್. ಅವರೂ ಅಂಧರು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಅದರ ಜೊತೆಗೇ ಬರುವ ಇಸ್ಪೀಕ್ ಎಂಬ ಪುಟ್ಟ ಧ್ವನಿಯಂತ್ರಕ್ಕೆ ಕನ್ನಡವೂ ಗೊತ್ತು. ಅದರ ದನಿ ಡಬ್ಬಿಯೊಳಗಿಂದ ಬಂದಂತಿದೆ, ನಿಜ. ಆದರೂ ಪಳಗಿದವರು ಅದನ್ನೇ ಇಷ್ಟಪಡುತ್ತಾರೆ. ಎಷ್ಟು ಓಡಿಸಿದರೂ ಅದರ ಮಾತು ಕಲಸಿಹೋಗುವುದಿಲ್ಲ. ಇಂಗ್ಲಿಷಿನಲ್ಲಿ ನಿಮಿಷಕ್ಕೆ 400 ಪದ ಕೇಳಿಸಿಕೊಳ್ಳುವವರಿದ್ದಾರೆ. ಅಂದರೆ ಪದವೊಂದಕ್ಕೆ ಸಿಗುವುದು 0.15 ಸೆಕೆಂಡ್. ಈ ಅಂಕಿ ನೆನಪಿರಲಿ.

ಈಗ ಸ್ಪೀಕರಿನ ಕಡೆಯ ಕಥೆ. ಬ್ಲೂಟೂತ್ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ 79 ದಾರಿಗಳನ್ನು ಮಾಡಿಕೊಂಡು, ಸೆಕೆಂಡಿಗೆ 1600 ಸಲ ದಾರಿ ಬದಲಿಸುತ್ತ ಓಡುತ್ತದೆ. ವೈಫೈ ಓಡಾಡುವುದೂ ಇದೇ ಓಣಿಯಲ್ಲಿ. ಧ್ವನಿಯನ್ನು ಸಣ್ಣ ಸಣ್ಣ ಪೊಟ್ಟಣ ಕಟ್ಟಿ ಕಳಿಸುವಾಗ ಕೆಲವು ದಾರಿಯಲ್ಲೇ ಕಳೆದುಹೋಗುತ್ತವೆ, ಅವನ್ನು ಮತ್ತೆ ಕಳಿಸಬೇಕು. ನಳದ ನೀರು ಬಿಟ್ಟು ಬಿಟ್ಟು ಬರುವ ಊರಲ್ಲಿ ಟಾಕಿ ತುಂಬಿಸಿಟ್ಟುಕೊಳ್ಳುವ ಹಾಗೆ, ಸ್ಪೀಕರ್ ಕೂಡ ಒಂದಿಷ್ಟು ಧ್ವನಿಯನ್ನು ಮೊದಲು ತುಂಬಿಕೊಂಡು ಆಮೇಲೆ ಹೊರಗೆ ಬಿಡುತ್ತದೆ. ಇದಕ್ಕೆ ಸಾಮಾನ್ಯವಾಗಿ ಹಿಡಿಯುವ ಹೊತ್ತು 0.2 ಸೆಕೆಂಡ್ ಸುತ್ತಮುತ್ತ.

ಇದು ಎಷ್ಟು ಹೊತ್ತು ಎಂದು ತಿಳಿಯಲು ರಾಯಚೂರಿನ ಆಮ್ ತಲಾಬಿನಂಥ ಕೆರೆಯನ್ನು ಮನಸ್ಸಿಗೆ ತಂದುಕೊಳ್ಳಿ. ಆಚೆ ದಡದಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದಾರೆ. ಬಟ್ಟೆ ಕಲ್ಲಿಗೆ ಬಿದ್ದು, ಕೈ ಮತ್ತೆ ಮೇಲೇರುವಾಗ ಸಪ್ಪಳ ನಿಮ್ಮ ಕಿವಿಗೆ ಬೀಳುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುವುದರಿಂದ, 0.2 ಸೆಕೆಂಡ್ ತಡ ಎಂದರೆ ಕಂಪ್ಯೂಟರ್ 70 ಮೀಟರ್ ಆಚೆ ನಿಂತು ನಿಮಗೆ ಓದಿ ಹೇಳಿದಂತೆ. ಕೀ ಒತ್ತುವ ಬೆರಳು ಮುಂದಿನ ಫೈಲಿಗೆ ಹೋಗಿರುತ್ತದೆ, ಕಿವಿ ಇನ್ನೂ ಹಿಂದಿನದರಲ್ಲೇ ಇರುತ್ತದೆ.

ಸಿನಿಮಾ ನೋಡುವಾಗ ಇದು ಯಾಕೆ ತಿಳಿಯುವುದಿಲ್ಲ? ಮುಂದಿನ ಮಾತು ಯಾವುದೆಂದು ಪ್ಲೇಯರಿಗೆ ಮೊದಲೇ ಗೊತ್ತು. ಅದು ಚಿತ್ರವನ್ನೂ ಅಷ್ಟೇ ಹೊತ್ತು ತಡೆದು ಎರಡನ್ನೂ ಸರಿದೂಗಿಸುತ್ತದೆ. ಆದರೆ ನೀವು ಯಾವ ಕೀ ಒತ್ತುತ್ತೀರಿ ಎಂದು ಸ್ಕ್ರೀನ್ ರೀಡರಿಗೆ ಮೊದಲೇ ಹೇಗೆ ತಿಳಿಯಬೇಕು?

ತಡವನ್ನಾದರೂ ಹೇಗೋ ಸಹಿಸಬಹುದು. ತಲೆ ಹಾರುವುದು ಅದಕ್ಕಿಂತ ಕೆಟ್ಟದ್ದು, ಅದರ ಕಾರಣವೂ ಬೇರೆ. ಬ್ಯಾಟರಿ ಉಳಿಸಲೆಂದು ಈ ಸ್ಪೀಕರುಗಳು ಸದ್ದು ನಿಂತ ಸ್ವಲ್ಪ ಹೊತ್ತಿಗೆ ತೂಕಡಿಸುತ್ತವೆ. ಮತ್ತೆ ಸದ್ದು ಬಂದಾಗ ಎಚ್ಚರಗೊಳ್ಳಲು ಸೆಕೆಂಡಿನ ಒಂದು ಚೂರು ಬೇಕು. ಹಾಡಿನಲ್ಲಿ ಆ ಚೂರು ನಾಲ್ಕು ನಿಮಿಷಕ್ಕೊಮ್ಮೆ ಹೋಗುತ್ತದೆ, ಯಾರೂ ಕೇಳುವುದಿಲ್ಲ. ಸ್ಕ್ರೀನ್ ರೀಡರ್ ದಿನಕ್ಕೆ ಸಾವಿರಾರು ಸಲ ಮಾತು ಶುರುಮಾಡಿ ನಿಲ್ಲಿಸುತ್ತದೆ. ಆಗಲೇ ಹೇಳಿದ 0.15 ಸೆಕೆಂಡ್ ಇಲ್ಲಿ ಲೆಕ್ಕಕ್ಕೆ ಬರುತ್ತದೆ: ಎಚ್ಚರವಾಗುವಷ್ಟರಲ್ಲಿ ಅಕ್ಷರವಲ್ಲ, ಇಡೀ ಪದವೇ ಹೋಗಿರಬಹುದು.

ಬಹಳ ದಿನ ಇದಕ್ಕೆ ಬಳಕೆದಾರರೇ ಹುಡುಕಿಕೊಂಡ ಉಪಾಯ ತಮಾಷೆಯದು. ಕಿವಿಗೆ ಕೇಳಿಸದಷ್ಟು ಸಣ್ಣ ಸದ್ದನ್ನು ಸದಾ ಕಳಿಸುತ್ತ ಸ್ಪೀಕರಿಗೆ ನಿದ್ದೆ ಬರದಂತೆ ಮಾಡುವ ಆಡ್‌ಆನ್. ಈಗ ಎನ್‌ವಿಡಿಎ ತಾನೇ ಆ ಕೆಲಸ ಮಾಡುತ್ತದೆ. ಅದರ ಆಡಿಯೋ ಸೆಟ್ಟಿಂಗಿನಲ್ಲಿ, ಮಾತು ಮುಗಿದ ಮೇಲೆ ಸಾಧನವನ್ನು ಎಷ್ಟು ಹೊತ್ತು ಎಚ್ಚರವಾಗಿಡಬೇಕು ಎಂದು ಬರೆಯುವ ಜಾಗವಿದೆ. ಮೊದಲೇ ಅಲ್ಲಿ 30 ಸೆಕೆಂಡ್ ಇರುತ್ತದೆ. ದೇವದುರ್ಗದ ಗೆಳೆಯರದು ಹಳೆಯ ಆವೃತ್ತಿ. ಹೊಸದು ಹಾಕಿಕೊಂಡ ಮೇಲೆ 'ಉ' ಮರಳಿ ಬಂತು.

ಮೀಟಿಂಗಿನಲ್ಲಿ ಮತ್ತೊಂದು ಪೇಚಿದೆ. ಸ್ಪೀಕರಿನಲ್ಲೇ ಇರುವ ಮೈಕ್ ಚಾಲೂ ಆದರೆ ಬ್ಲೂಟೂತ್ ಹಾಡಿನ ದಾರಿ ಬಿಟ್ಟು ಫೋನಿನ ದಾರಿ ಹಿಡಿಯುತ್ತದೆ. ಹಳೆಯ ಸಾಧನಗಳಲ್ಲಿ ಆಗ 4 ಸಾವಿರ ಹರ್ಟ್ಸಿಗಿಂತ ಮೇಲಿನ ಸದ್ದು ಬರುವುದೇ ಇಲ್ಲ. 'ಸ'ಕಾರದ ಹೆಚ್ಚಿನ ಬಲವಿರುವುದು ಅಲ್ಲೇ. ಲ್ಯಾಪ್‌ಟಾಪಿನದೇ ಮೈಕ್ ಆರಿಸಿಕೊಂಡರೆ ತೊಂದರೆ ತಪ್ಪುತ್ತದೆ. ಇನ್ನು ಕನ್ನಡ ಕಡತ ತೆರೆದಾಗ ಇಂಗ್ಲಿಷ್ ಅಕ್ಷರಗಳು ಚೆಲ್ಲಾಪಿಲ್ಲಿ ಕೇಳಿಸಿದರೆ ಸ್ಪೀಕರನ್ನು ಬೈಯಬೇಡಿ; ಅದು ಯುನಿಕೋಡ್ ಅಲ್ಲದ ಹಳೆಯ ಫಾಂಟಿನ ಕಡತ.

ಹಾಗಾದರೆ ವೈರ್‌ಲೆಸ್ ಬೇಡವೇ? ನಮ್ಮ ಕಡೆ ಹಾಗೆನ್ನಲಾಗದು. ಶಕ್ತಿನಗರದಲ್ಲಿ 1720 ಮೆಗಾವ್ಯಾಟಿನ ಉಷ್ಣ ಸ್ಥಾವರವಿದ್ದೂ ಹಳ್ಳಿಗಳಲ್ಲಿ ಕರೆಂಟ್ ಹೋಗುವುದು ತಪ್ಪಿಲ್ಲ. ದೀಪದ ಬುಡದಲ್ಲಿ ಕತ್ತಲೆ. ಗೋಡೆಯ ಪ್ಲಗ್ಗಿನ ಸ್ಪೀಕರ್ ಆಗ ಬಾಯಿ ಮುಚ್ಚಿದರೂ ಬ್ಯಾಟರಿಯದು ಮಾತಾಡುತ್ತಿರುತ್ತದೆ. ಕಥೆ, ಪುಸ್ತಕ ಕೇಳಲು ಅದು ಚೆನ್ನ. ಕಡತ ತಿದ್ದಲು, ಲೆಕ್ಕ ಬರೆಯಲು, ಬ್ಯಾಂಕಿನ ಕೆಲಸಕ್ಕೆ ಮಾತ್ರ ತಂತಿಯದೇ ಸೈ. ಬ್ಲೂಟೂತ್ ಕೈಕೊಟ್ಟಾಗ ಕಣ್ಣಿದ್ದವರು ಪರದೆ ನೋಡಿ ಸರಿಮಾಡುತ್ತಾರೆ. ಅಂಧರಿಗೆ ಸ್ಪೀಕರೇ ಪರದೆ. ಅದು ಸುಮ್ಮನಾದರೆ ಕೆಟ್ಟದ್ದು ಕಂಪ್ಯೂಟರೋ ಸ್ಪೀಕರೋ ಎಂದು ಕೂಡ ಗೊತ್ತಾಗುವುದಿಲ್ಲ.

ಆದ್ದರಿಂದ ಯಾರಿಗಾದರೂ ಇಂಥ ಸ್ಪೀಕರ್ ಕೊಡಿಸಲು ಅಂಗಡಿಗೆ ಹೋದರೆ, ಹಿಂಬದಿಯ ರಬ್ಬರ್ ಮುಚ್ಚಳ ತೆಗೆದು ತಂತಿ ಚುಚ್ಚುವ ತೂತು ಇದೆಯೇ ಎಂದು ಬೆರಳಿಟ್ಟು ನೋಡಿ. ಇದ್ದರೆ ಆ ತಂತಿಯನ್ನೂ ಜೊತೆಗೇ ಕಟ್ಟಿಸಿಕೊಳ್ಳಿ.