ನೆಲವಿಲ್ಲದ ಲೋಕದಲ್ಲಿ ಒಂದು ತೊಲೆ

ಕಟ್ಟಡದ ಲೆಕ್ಕ ಮಾಡುವ ತಂತ್ರಾಂಶ ತೆರೆದು ಪರದೆಯ ಮೇಲೆ 6 ಮೀಟರ್ ಉದ್ದದ ಒಂದು ಗೆರೆ ಎಳೆಯಿರಿ. ಅದೇ ನಿಮ್ಮ ತೊಲೆ. ಕಾಂಕ್ರೀಟಿನದು ಎಂದು ತಿಳಿಸಿ, ಅಗಲ ಎತ್ತರ ಕೊಡಿ, ಮೇಲೆ ಮೀಟರಿಗೆ 2 ಟನ್ನಿನಂತೆ ಭಾರ ಹೇರಿ. ಈಗ ಲೆಕ್ಕ ಮಾಡು ಎಂದರೆ ಉತ್ತರ ಬರುವುದಿಲ್ಲ, ‘ರಚನೆ ಅಸ್ಥಿರ’ ಎಂಬ ದೂರು ಬರುತ್ತದೆ.

ದೂರಿನಲ್ಲಿ ನ್ಯಾಯವಿದೆ. ಆ ಗೆರೆಯ ಕೆಳಗೆ ಗೋಡೆಯಿಲ್ಲ, ಕಂಬವಿಲ್ಲ, ನೆಲವೇ ಇಲ್ಲ. ಭಾರ ಬಿದ್ದಾಗ ತೊಲೆ ಎಲ್ಲಿ ಎಷ್ಟು ಸರಿಯುತ್ತದೆ ಎಂದು ತಂತ್ರಾಂಶ ಮೊದಲು ಕಂಡುಹಿಡಿಯುತ್ತದೆ. ಒಳಗಿನ ಬಲಗಳ ಲೆಕ್ಕ ಆಮೇಲಿನದು. ಯಾವ ತಡೆಯೂ ಇಲ್ಲದ ತೊಲೆ ಬೀಳುತ್ತಲೇ ಇರುತ್ತದೆ. ‘ಎಷ್ಟು ಸರಿಯಿತು’ ಎಂಬ ಪ್ರಶ್ನೆಗೆ ಅಲ್ಲಿ ಉತ್ತರವೇ ಇಲ್ಲ.

ಹಾಗಾಗಿ ತೊಲೆಗೆ ಆಸರೆ ಕೊಡಬೇಕು. ತೊಲೆಯ ತುದಿ ಆರು ಬಗೆಯಲ್ಲಿ ಅಲುಗಬಲ್ಲದು: ಹಿಂದೆ-ಮುಂದೆ, ಎಡ-ಬಲ, ಮೇಲೆ-ಕೆಳಗೆ ಸರಿಯುವುದು ಮೂರು, ಆ ಮೂರು ದಿಕ್ಕುಗಳನ್ನೇ ಅಚ್ಚಾಗಿಸಿಕೊಂಡು ತಿರುಗುವುದು ಮೂರು. ಇವುಗಳಲ್ಲಿ ಯಾವುದಕ್ಕೆ ಬೀಗ, ಯಾವುದಕ್ಕೆ ಬಿಡುಗಡೆ ಎಂದು ಹೇಳುವುದೇ ಆಸರೆ ಕೊಡುವ ಕೆಲಸ. ಆಳವಾಗಿ ಹೂತ ಕಂಬದ ಬುಡದಂತೆ ಆರಕ್ಕೂ ಬೀಗ ಹಾಕಿದರೆ ಅದು ಬಿಗಿ ಆಸರೆ. ಸರಿಯಬಾರದು, ಆದರೆ ತಿರುಗಬಹುದು ಎಂದರೆ ಕೀಲು ಆಸರೆ. ಉದ್ದಕ್ಕೂ ಜಾರಬಹುದು ಎಂದು ಇನ್ನೊಂದು ಬೀಗ ತೆಗೆದರೆ ಉರುಳೆ ಆಸರೆ. ನಮ್ಮ ಎಂಜಿನಿಯರುಗಳಿಗೆ ಚೆನ್ನಾಗಿ ಪರಿಚಿತವಾದ ಸ್ಟಾಡ್ ತಂತ್ರಾಂಶದಲ್ಲಿ ಇದಕ್ಕೆ ‘ಫಿಕ್ಸ್ಡ್ ಬಟ್’ ಎಂಬ ಆಜ್ಞೆಯೇ ಇದೆ. ಎಲ್ಲ ಬಿಗಿ, ಆದರೆ ಇಂತಿಂಥದ್ದು ಸಡಿಲ ಎಂದು ಅರ್ಥ.

ಹೊಸಬರು ಮೊದಲು ಎಡವುವುದೂ ಇಲ್ಲೇ. ಎರಡೂ ತುದಿಗೆ ಕೀಲು ಕೊಟ್ಟಾಯಿತು, ಇನ್ನೇನು ಎಂದುಕೊಂಡರೆ ಮತ್ತೆ ‘ಅಸ್ಥಿರ’ ಎನ್ನುತ್ತದೆ. ಕೀಲು ಮೂರೂ ತಿರುಗುವಿಕೆಯನ್ನು ಬಿಟ್ಟುಕೊಟ್ಟಿದೆಯಲ್ಲ, ತೊಲೆ ಬೀಳದೆ ನಿಂತರೂ ಲಟ್ಟಣಿಗೆಯಂತೆ ತನ್ನ ಸುತ್ತಲೇ ಉರುಳಬಹುದು. ಒಂದು ತುದಿಯಲ್ಲಿ ಆ ಉರುಳಾಟಕ್ಕೆ ಬೀಗ ಹಾಕಿದರೆ ದೂರು ನಿಲ್ಲುತ್ತದೆ.

ದೂರು ನಿಂತಿತೆಂದು ನೆಮ್ಮದಿಯಾಗಿ ಕೂರುವಂತಿಲ್ಲ. ಬೀಗ ಕಡಿಮೆಯಾದರೆ ತಂತ್ರಾಂಶ ಕೂಗುತ್ತದೆ, ಹೆಚ್ಚಾದರೆ ತುಟಿಪಿಟಕ್ಕೆನ್ನುವುದಿಲ್ಲ. ಅಚ್ಚುಕಟ್ಟಾದ, ತಪ್ಪು ಉತ್ತರವನ್ನು ಕೈಗಿಡುತ್ತದೆ.

ನಮ್ಮ 6 ಮೀಟರ್ ತೊಲೆಯನ್ನೇ ನೋಡಿ. ಮೀಟರಿಗೆ 2 ಟನ್ ಎಂದರೆ ಸುಮಾರು 20 ಕಿಲೋನ್ಯೂಟನ್. ತೊಲೆಯ ತುದಿಗಳು ಗೋಡೆಯ ಮೇಲೆ ಸುಮ್ಮನೆ ಕೂತಿದ್ದರೆ ಅದನ್ನು ಬಗ್ಗಿಸುವ ಬೆಂಡಿಂಗ್ ಮೊಮೆಂಟ್ ನಡುಮಧ್ಯದಲ್ಲಿ ಅತಿ ಹೆಚ್ಚು: 90 ಕಿಲೋನ್ಯೂಟನ್-ಮೀಟರ್. ತುದಿಗಳಲ್ಲಿ ಸೊನ್ನೆ. ಎರಡೂ ತುದಿಯನ್ನು ಬಿಗಿ ಎಂದು ಬದಲಿಸಿದರೆ ನಡುವಿನ ಮೊಮೆಂಟ್ 30ಕ್ಕೆ ಇಳಿದು, ತುದಿಗಳಲ್ಲಿ 60 ಹುಟ್ಟುತ್ತದೆ. ತೊಲೆ ಜಗ್ಗುವುದೂ ಐದರಲ್ಲಿ ಒಂದು ಪಾಲಾಗುತ್ತದೆ. ಭಾರ ಅದೇ, ತೊಲೆ ಅದೇ, ಬದಲಾದದ್ದು ತುದಿಯ ಆಸರೆಯ ಗುರುತು ಮಾತ್ರ.

ಕಾಗದದ ಮೇಲೆ ಇದು ಲಾಭವೇ. ನಡುವೆ ಕಂಬಿ ಉಳಿಯಿತು! ಆದರೆ ನಿಜವಾದ ತೊಲೆ ಇಟ್ಟಿಗೆ ಗೋಡೆಯ ಮೇಲೆ ಬರಿದೆ ಕೂತಿದ್ದರೆ ಅದರ ತುದಿ ತಿರುಗಿಯೇ ತಿರುಗುತ್ತದೆ. 30ಕ್ಕೆಂದು ಕಂಬಿ ಹಾಕಿದ ಜಾಗದ ಮೇಲೆ 90 ಬೀಳುತ್ತದೆ, ಅಂದರೆ ಮೂರು ಪಟ್ಟು. ತಿರುವುಮುರುವಾದರೂ ಕಷ್ಟ ತಪ್ಪಿದ್ದಲ್ಲ. ಕಂಬದೊಂದಿಗೆ ಒಂದೇ ಎರಕವಾಗಿ ಬೆಸೆದ ತೊಲೆಗೆ ಕೀಲು ಎಂದು ಲೆಕ್ಕ ಹಾಕಿ ತುದಿಯ ಮೇಲ್ಭಾಗದಲ್ಲಿ ಸಾಕಷ್ಟು ಕಂಬಿ ಕೊಡದಿದ್ದರೆ ಅಲ್ಲೇ ಬಿರುಕು ಬಾಯಿಬಿಡುತ್ತದೆ. ಕಂಬವೂ ಕೊಂಚ ಬಾಗುವುದರಿಂದ ನಿಜವಾದ ತುದಿ ಸಾಮಾನ್ಯವಾಗಿ ಇವೆರಡರ ನಡುವೆ ಎಲ್ಲೋ ಇರುತ್ತದೆ. ಅದಕ್ಕೇ ತೊಲೆಯೊಂದನ್ನೇ ಬಿಡಿಯಾಗಿ ನೋಡದೆ, ಕಂಬಗಳನ್ನೂ ಸೇರಿಸಿ ಇಡೀ ಚೌಕಟ್ಟನ್ನು ಲೆಕ್ಕಕ್ಕೆ ಒಡ್ಡುವುದು.

ಉರುಳೆಯ ಬದಲು ಕೀಲು ಹಾಕುವ ತಪ್ಪು ಇನ್ನೂ ಗುಟ್ಟಿನದು. ನೇರ ತೊಲೆಯ ಮೇಲೆ ಬರೀ ಕೆಳಮುಖದ ಭಾರವಿದ್ದರೆ ಸಾಮಾನ್ಯ ಲೆಕ್ಕದಲ್ಲಿ ಎರಡಕ್ಕೂ ಒಂದೇ ಉತ್ತರ. ಬಿಸಿಲು ಸೇರಿಸಿದಾಗಲೇ ಬಣ್ಣ ಬಯಲಾಗುವುದು. ಸೇತುವೆಯೊಂದರ 30 ಮೀಟರಿನ ಉಕ್ಕಿನ ಗರ್ಡರು 30 ಡಿಗ್ರಿ ಕಾದರೆ ಸುಮಾರು 11 ಮಿಲಿಮೀಟರ್ ಬೆಳೆಯುತ್ತದೆ. ಒಂದು ತುದಿ ಉರುಳೆಯ ಮೇಲಿದ್ದರೆ ಸಲೀಸಾಗಿ ಜಾರುತ್ತದೆ. ಎರಡೂ ಕಡೆ ಅಲುಗದಂತೆ ಹಿಡಿದರೆ ಉಕ್ಕಿನೊಳಗೆ 72 ಮೆಗಾಪ್ಯಾಸ್ಕಲ್ ಒತ್ತಡ ಕೂಡಿಬೀಳುತ್ತದೆ. ಸಾಧಾರಣ ಉಕ್ಕು 250ರ ಹೊತ್ತಿಗೆ ಸೋಲುತ್ತದೆ. ಅದರಲ್ಲಿ ಕಾಲು ಪಾಲಿಗಿಂತ ಹೆಚ್ಚು ಒಂದೂ ಗಾಡಿ ಓಡುವ ಮೊದಲೇ ಖರ್ಚು!

ಕಂಪ್ಯೂಟರ್ ಇಲ್ಲದ ಕಾಲದವರಿಗೆ ಇದು ಚೆನ್ನಾಗಿ ಗೊತ್ತಿತ್ತು. 1850ರಲ್ಲಿ ವೇಲ್ಸ್‌ನ ಮೆನೈ ಜಲಸಂಧಿಯ ಮೇಲೆ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿದ ಬ್ರಿಟಾನಿಯಾ ಸೇತುವೆಯಲ್ಲಿ ರೈಲು ಓಡಿದ್ದು ಸುಮಾರು 460 ಮೀಟರ್ ಉದ್ದದ ಕಬ್ಬಿಣದ ಕೊಳವೆಗಳೊಳಗೆ. ಕೊಳವೆಗಳನ್ನು ನಡುಗೋಪುರದಲ್ಲಿ ಮಾತ್ರ ಬಿಗಿದು, ಉಳಿದೆಡೆ ಉರುಳೆಗಳ ಮೇಲೆ ಕೂರಿಸಿದ್ದರು. ಅಷ್ಟುದ್ದದ ಕಬ್ಬಿಣ 30 ಡಿಗ್ರಿ ಕಾದರೆ ಮುಕ್ಕಾಲು ಗೇಣಿನಷ್ಟು ಬೆಳೆಯುತ್ತದೆ. ಆ ಬೆಳವಣಿಗೆಗೆ ಅವರು ದಾರಿ ಬಿಟ್ಟಿದ್ದರು.

ಹಾಗಾದರೆ ಪರದೆಯ ಉತ್ತರವನ್ನು ಪರೀಕ್ಷಿಸುವುದು ಹೇಗೆ? ಆಸರೆಗಳು ಹೊತ್ತ ಭಾರ ಕೂಡಿದರೆ ಹೇರಿದ ಭಾರಕ್ಕೆ ಸಮವಾಗಬೇಕು. ನಮ್ಮ ತೊಲೆಯಲ್ಲಿ 60 ಮತ್ತು 60, ಒಟ್ಟು 120 ಕಿಲೋನ್ಯೂಟನ್. ಆದರೆ ತೊಲೆ ಕೀಲಿನ ಮೇಲಿರಲಿ, ಬಿಗಿಯಾಗಿರಲಿ, ಈ ಕೂಡಿಕೆ ಸರಿಯಾಗಿಯೇ ಬರುತ್ತದೆ. ಆದ್ದರಿಂದ ಬಾಗಿದ ತೊಲೆಯ ಚಿತ್ರವನ್ನೂ ತೆರೆದು ನೋಡಬೇಕು. ಬಿಗಿ ತುದಿಯಿಂದ ಗೆರೆ ಮಟ್ಟಸವಾಗಿ ಹೊರಟು ಆಮೇಲೆ ಬಾಗುತ್ತದೆ. ಕೀಲಿನಲ್ಲಾದರೆ ಹೊರಡುವಾಗಲೇ ಓರೆ. ಕಟ್ಟಲಿರುವ ತೊಲೆಯ ತುದಿ ನಿಜಕ್ಕೂ ಹಾಗೆಯೇ ವರ್ತಿಸೀತೇ ಎಂದು ಕೇಳಿಕೊಳ್ಳಬೇಕಾದವರು ಮಾತ್ರ ನಾವು.

1970ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ವಿಲ್ಸನ್ ಇಂಥ ಒಂದು ತಂತ್ರಾಂಶ ಬರೆದು ‘ಸ್ಯಾಪ್’ ಎಂದು ಹೆಸರಿಟ್ಟರು. ಇಂಗ್ಲಿಷಿನ ಆಡುಮಾತಿನಲ್ಲಿ ಆ ಪದಕ್ಕೆ ಪೆದ್ದ ಎಂದರ್ಥ. ಈ ಯಂತ್ರಕ್ಕೆ ಬುದ್ಧಿಯಿಲ್ಲ, ಹೊಣೆ ಎಂಜಿನಿಯರನದೇ ಎಂದು ನೆನಪಿಸಲು ಅವರು ಬೇಕೆಂದೇ ಇಟ್ಟ ಹೆಸರದು. ಪೆದ್ದನಿಗೆ ಲೆಕ್ಕ ಒಪ್ಪಿಸಬಹುದು. ಒಪ್ಪಿಸುವವರು ಮಾತ್ರ ಒಮ್ಮೆ ಗೋಡೆ ನೋಡಿ ಬಂದಿರಬೇಕು.